ತಾಮ್ರದ ಕಾಸಿಗೆ ಬೆಲೆ ಎಲ್ಲಿಂದ ಬಂತು?

ವಕ್ಕಲೇರಿಯಲ್ಲಿ ಅಭ್ಯಾಸ ಬೋಧನೆಯ ಎರಡನೆಯ ವಾರ. ಎಂಟನೇ ತರಗತಿಗೆ ಲೋಹಗಳ ಪಾಠ. ತಾಮ್ರ ಬಡಿದರೆ ಹರಡುತ್ತದೆ, ಕಬ್ಬಿಣದಂತೆ ತುಕ್ಕು ಹಿಡಿದು ಉದುರುವುದಿಲ್ಲ, ಅದಕ್ಕೇ ಹಿಂದೆ ಅದರಲ್ಲಿ ಕಾಸು ಮಾಡುತ್ತಿದ್ದರು ಎಂದೆ. ಹಿಂದಿನ ಬೆಂಚಿನ ಹುಡುಗ ಎದ್ದ: “ಹಂಗಾದ್ರೆ ಮಿಸ್, ಕಾಸು ಕರಗಿಸಿದ್ರೂ ಅಷ್ಟೇ ದುಡ್ಡು ಬರ್ತಿತ್ತಾ?” ನಾನು “ಹೌದು” ಎಂದುಬಿಟ್ಟೆ. ಅದು ಚಿನ್ನದ ವರಹಕ್ಕೆ ಹೊಂದುವ ಉತ್ತರ, ತಾಮ್ರಕ್ಕಲ್ಲ. ಮರುದಿನ ತಿದ್ದಿ ಮಾಡಿದ ಪಾಠ ಇದು.

ಉದಾಹರಣೆ ಊರಲ್ಲೇ ಇತ್ತು. ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನ 757ರ ದಾನಶಾಸನಕ್ಕೆ ‘ವಕ್ಕಲೇರಿ ತಾಮ್ರಪಟ’ ಎಂದೇ ಹೆಸರು. ಆ ತಗಡುಗಳನ್ನು ಕರಗಿಸಿದರೆ ಒಂದು ಚೊಂಬಾದೀತು. ಆದರೆ ಅದರ ಮೇಲಿನ ಅರಸನ ಮಾತಿಗೆ ಒಂದು ಹಳ್ಳಿಯ ಬೆಲೆ. ಕಾಸಿನದೂ ಸುಮಾರಾಗಿ ಇದೇ ಕಥೆ: ಲೋಹಕ್ಕೆ ಸ್ವಲ್ಪ ಬೆಲೆ, ಉಳಿದದ್ದು ಮುದ್ರೆಗೆ.

ಮುಂದೆ ಟಿಪ್ಪುವಿನ ಆನೆ ಕಾಸು. ಅವನ ತಂದೆ ಹೈದರಾಲಿ ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದವನು. ಒಂದು ಪೈಸೆ ಸುಮಾರು 11 ಗ್ರಾಂ. ಅದರ ಎರಡರಷ್ಟು, ಅರ್ಧ, ಕಾಲು, ಅರೆಕಾಲು ನಾಣ್ಯಗಳೂ ಇದ್ದವು. ವಿಜ್ಞಾನದವರಿಗೆ ಹಬ್ಬ ಎಂದರೆ ಅವುಗಳ ಹೆಸರು: ಪೈಸೆ ‘ಜೋಹ್ರಾ’ ಅಂದರೆ ಶುಕ್ರ, ಅರ್ಧ ಪೈಸೆ ‘ಬಹ್ರಾಮ್’ ಅಂದರೆ ಮಂಗಳ, ಅರೆಕಾಲು ‘ಕುತ್ಬ್’ ಅಂದರೆ ಧ್ರುವನಕ್ಷತ್ರ. ಭಿನ್ನರಾಶಿಯನ್ನೂ ಅಲ್ಲೇ ಮುಗಿಸಿದೆ.

ಇವು ಸಂತೆಯ ದುಡ್ಡು. ಸೊಪ್ಪು, ಉಪ್ಪು, ಎಲೆ ಅಡಿಕೆ ಕೊಳ್ಳಲು ಚಿನ್ನದ ಹಣ ಮುರಿಸುವುದು ಹೇಗೆ? ಟಿಪ್ಪು ಅರೇಬಿಯದ ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿ ಇಟ್ಟಿದ್ದ. ಮೈಸೂರಿನ ಗಂಧ, ಮೆಣಸು ಅಲ್ಲಿಗೆ ಹೋಗುತ್ತಿದ್ದವು. ಅಂಥ ದೂರದ ವ್ಯಾಪಾರಕ್ಕೆ ಚಿನ್ನ, ಬೆಳ್ಳಿ ಬೇಕು. ತಾಮ್ರದಲ್ಲಿ ಅಷ್ಟು ಮೊತ್ತ ಹೊರಲು ಎತ್ತಿನ ಗಾಡಿಯೇ ಬೇಕಾದೀತು. ಮುದ್ರೆಯ ಗುರುತಿಲ್ಲದ ಊರಿನಲ್ಲಿ ಅದನ್ನು ತೂಕಕ್ಕೆ ಹಾಕುತ್ತಾರೆ. ಹತ್ತಿರದ ಪೇಟೆಯಲ್ಲೂ ಚಿನಿವಾರ ವಟ್ಟ ಹಿಡಿದೇ ಚಿಲ್ಲರೆ ಕೊಡುತ್ತಿದ್ದ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಮಯಿಲಿ ಕಾಸು’ಗಳ ಮೇಲೆ ಕನ್ನಡ, ಇಂಗ್ಲಿಷ್, ಪಾರ್ಸಿ ಮೂರೂ ಇವೆ. ಓದುವವರೆಲ್ಲ ನಂಬಬೇಕಲ್ಲ!

ಮನೆಯಲ್ಲಿ ಹಳೆಯ ಕಾಸಿದ್ದರೆ ತನ್ನಿ ಎಂದಿದ್ದೆ. ಮೇಲಿನ ಹಸಿರು ಪದರ ಒಳಗಿನ ಲೋಹವನ್ನು ಕಾಯುತ್ತದೆ, ಉಜ್ಜಬೇಡಿ ಎನ್ನುವುದನ್ನು ಮಾತ್ರ ಮರೆತೆ. ಪ್ರಶ್ನೆ ಕೇಳಿದ ಹುಡುಗ ಅಜ್ಜಿಯ ಪೆಟ್ಟಿಗೆಯಿಂದ ಒಂದು ತಂದ. ಮಿಸ್‌ಗೆ ತೋರಿಸಬೇಕೆಂದು ಹುಣಸೆಹಣ್ಣು, ಬೂದಿ ಹಾಕಿ ಫಳಫಳ ತಿಕ್ಕಿದ್ದ. ಆನೆಯ ಬೆನ್ನು ಕಾಣುತ್ತಿತ್ತು, ಅಕ್ಷರ ಒಂದೂ ಇರಲಿಲ್ಲ.