‘4 ಜಿಬಿ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಹಳೆ ಕಂಪ್ಯೂಟರಿನಲ್ಲಿ ಯಾವ ಗೇಮ್ ಬೇಕಾದರೂ ಓಡುತ್ತದೆ’ ಎಂಬುದು ನಿಜವೇ?

“ಹಳೆ ಕಂಪ್ಯೂಟರ್ ಎಸೆಯಬೇಡಿ, ನಾಲ್ಕೈದು ಸಾವಿರದ 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಹಾಕಿ, ಯಾವ ಗೇಮ್ ಬೇಕಾದರೂ ಆಡಿ” ಎನ್ನುವ ಧಾಟಿಯ ಸಂದೇಶಗಳು, ರೀಲ್ಸ್‌ಗಳು ಆಗಾಗ ಗ್ರೂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ಮನೆಯಲ್ಲಿ ಮಕ್ಕಳು ಗೇಮ್ ಗೇಮ್ ಎಂದು ಪೀಡಿಸುತ್ತಿದ್ದರೆ, ಅಥವಾ ಯಾವುದೋ ಆಫೀಸಿನಿಂದ ಹೊರಬಿದ್ದ ಹಳೆ ಪಿಸಿಯನ್ನು ಅಗ್ಗಕ್ಕೆ ತಂದಿಟ್ಟುಕೊಂಡಿದ್ದರೆ ಇದನ್ನು ಓದಿ ಆಸೆಯಾಗುವುದು ಸಹಜ. ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧ ದುಡ್ಡು ನುಂಗುತ್ತದೆ, ಅಪರೂಪಕ್ಕೆ ಕಂಪ್ಯೂಟರನ್ನೂ ಸುಡುತ್ತದೆ.

ಮೊದಲು ಜಿಬಿ ಲೆಕ್ಕ ನೋಡೋಣ. ಕಾರ್ಡ್‌ನ ಮೇಲಿರುವ ಜಿಬಿ ಅದರ ಶಕ್ತಿಯಲ್ಲ. ಅದು ಚಿತ್ರಗಳನ್ನು ಇಟ್ಟುಕೊಳ್ಳುವ ಉಗ್ರಾಣದ ಅಳತೆ ಅಷ್ಟೇ. ಉಗ್ರಾಣ ಎಷ್ಟು ದೊಡ್ಡದಾದರೂ ಅದರ ಬಾಗಿಲು ಕಿರಿದಾಗಿದ್ದು, ಒಳಗೆ ಕೆಲಸ ಮಾಡುವವರು ಕಡಿಮೆಯಿದ್ದರೆ ಏನು ಪ್ರಯೋಜನ? ಇಂಥ ಜಾಹೀರಾತುಗಳಲ್ಲಿ ಹೆಚ್ಚಾಗಿ ಕಾಣುವ ಜಿಟಿ 730 ಎಂಬ ಕಾರ್ಡನ್ನೇ ತೆಗೆದುಕೊಳ್ಳಿ. 2014ರಲ್ಲಿ ಬಂದದ್ದು. ಇದೇ ಹೆಸರಿನಲ್ಲಿ ಡಿಡಿಆರ್3 ಮೆಮೊರಿಯದೂ ಇದೆ, ಜಿಡಿಡಿಆರ್5 ಮೆಮೊರಿಯದೂ ಇದೆ. 64 ಬಿಟ್‌ನ ಡಿಡಿಆರ್3 ಕಾರ್ಡ್ ಸೆಕೆಂಡಿಗೆ 14 ಜಿಬಿಯಷ್ಟು ಮಾಹಿತಿ ಸಾಗಿಸಿದರೆ, ಜಿಡಿಡಿಆರ್5ನದು ಸುಮಾರು 40 ಜಿಬಿ ಸಾಗಿಸುತ್ತದೆ. 2016ರಲ್ಲಿ ಬಂದ ಜಿಟಿಎಕ್ಸ್ 1050 ಟಿಐ ಕೂಡ 4 ಜಿಬಿಯದೇ, ಆದರೆ ಸಾಗಿಸುವುದು 112 ಜಿಬಿ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಎರಡರದ್ದೂ ‘4 ಜಿಬಿ’ಯೇ!

ಜಿಟಿ 1030ರಲ್ಲೂ ಇದೇ ಕತೆ. 2017ರಲ್ಲಿ ಜಿಡಿಡಿಆರ್5 ಮೆಮೊರಿಯೊಂದಿಗೆ ಬಂತು. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಇರುವ, ಅದರ ಅರ್ಧಕ್ಕಿಂತಲೂ ಕಡಿಮೆ ಮೆಮೊರಿ ವೇಗದ ಕಾರ್ಡ್ ಮಾರುಕಟ್ಟೆಗೆ ಇಳಿಯಿತು. ಹಾಗಾಗಿ ಅಂಗಡಿಯಲ್ಲಿ “ಎಷ್ಟು ಜಿಬಿ?” ಎಂದು ಕೇಳುವುದಕ್ಕಿಂತ “ಮೆಮೊರಿ ಯಾವುದು, ಎಷ್ಟು ಬಿಟ್?” ಎಂದು ಕೇಳಿ. ಉತ್ತರ ತಡವರಿಸಿದರೆ ಮುಂದಿನ ಅಂಗಡಿ ನೋಡಿ.

ಕರೆಂಟಿನ ವಿಷಯ

ಗೇಮ್ ಓಡದಿದ್ದರೆ ಬೇಸರವಾಗುತ್ತದೆ ಅಷ್ಟೇ, ಕರೆಂಟಿನ ಲೆಕ್ಕ ತಪ್ಪಿದರೆ ಅಪಾಯ. ಮದರ್‌ಬೋರ್ಡ್‌ನ ಸ್ಲಾಟ್ ಕಾರ್ಡ್‌ಗೆ ಗರಿಷ್ಠ 75 ವ್ಯಾಟ್ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡ್‌ಗೆ ಪವರ್ ಸಪ್ಲೈಯಿಂದ ಬೇರೆ ವೈರ್ ಬೇಕು: 6 ಪಿನ್‌ನದಾದರೆ ಇನ್ನೂ 75 ವ್ಯಾಟ್, 8 ಪಿನ್‌ನದಾದರೆ 150 ವ್ಯಾಟ್. ಆಫೀಸು ಪಿಸಿಗಳಲ್ಲಿ, ಅದರಲ್ಲೂ ಕುಳ್ಳ ಡಬ್ಬದವುಗಳಲ್ಲಿ ಸಾಮಾನ್ಯವಾಗಿ 250 ವ್ಯಾಟ್ ಆಸುಪಾಸಿನ ಪವರ್ ಸಪ್ಲೈ ಇರುತ್ತದೆ, ಈ ವೈರ್‌ಗಳೇ ಇರುವುದಿಲ್ಲ.

ಆಗ ಕೆಲವು ವಿಡಿಯೊಗಳು ಒಂದು ‘ಜುಗಾಡ್’ ಹೇಳಿಕೊಡುತ್ತವೆ: ಹಾರ್ಡ್‌ಡಿಸ್ಕಿಗೆ ಹೋಗುವ ಸಾಟಾ ವೈರ್‌ಗೆ ಅಡಾಪ್ಟರ್ ಸಿಕ್ಕಿಸಿ 6 ಪಿನ್ ಮಾಡಿಕೊಳ್ಳಿ ಎಂದು. ದಯವಿಟ್ಟು ಮಾಡಬೇಡಿ. ಸಾಟಾ ಕನೆಕ್ಟರ್‌ನ 12 ವೋಲ್ಟ್ ಪಿನ್‌ಗಳು ತಡೆದುಕೊಳ್ಳುವುದು 4.5 ಆಂಪ್, ಅಂದರೆ 54 ವ್ಯಾಟ್. ಕಾರ್ಡ್ ಅಲ್ಲಿಂದ 75 ವ್ಯಾಟ್ ಎಳೆಯಬಹುದು. ತಾಸುಗಟ್ಟಲೆ ಆಡಿದಾಗ ಪ್ಲಾಸ್ಟಿಕ್ ಕರಗುವ, ಹೊಗೆಯೇಳುವ ಸಾಧ್ಯತೆ ನಿಜವಾಗಿಯೂ ಇದೆ. ಮಕ್ಕಳು ಒಬ್ಬರೇ ಕೂತು ಆಡುವ ಕೋಣೆಯಲ್ಲಿ ಇಂಥ ಜೋಡಣೆ ಬೇಡವೇ ಬೇಡ.

ಹಾಗಾದರೆ ಯಾವುದು ಸರಿ? ಪವರ್ ಸಪ್ಲೈ ಬದಲಿಸದೆ ಆಗಬೇಕೆಂದರೆ ನಮ್ಮ ಮೊದಲ ಸಲಹೆ, ಹೆಚ್ಚುವರಿ ವೈರ್ ಕೇಳದ ಜಿಟಿಎಕ್ಸ್ 1650. 2019ರಲ್ಲಿ ಬಂದ ಇದು 4 ಜಿಬಿಯದು, 75 ವ್ಯಾಟ್‌ನದು. ಆದರೆ ಇದೇ ಹೆಸರಿನ ಕೆಲವು ಮಾದರಿಗಳಲ್ಲಿ 6 ಪಿನ್ ಸಾಕೆಟ್ ಇರುವುದರಿಂದ ಕಾರ್ಡನ್ನು ಕಣ್ಣಾರೆ ನೋಡಿಯೇ ಕೊಳ್ಳಬೇಕು. ಕುಳ್ಳ ಡಬ್ಬವಾದರೆ ಲೋ ಪ್ರೊಫೈಲ್ ಮಾದರಿಯನ್ನೇ ಹುಡುಕಬೇಕು. ಸೆಕೆಂಡ್ ಹ್ಯಾಂಡ್‌ನಲ್ಲಿ 1050 ಟಿಐ ಇನ್ನೂ ಅಗ್ಗ. ಆದರೆ ಆ ತಲೆಮಾರಿನ ಕಾರ್ಡ್‌ಗಳಿಗೆ ಹೊಸ ಗೇಮ್‌ಗಳಿಗಾಗಿ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ಮುಗಿಸಿದೆ. ಹಳೆ ಗೇಮ್‌ಗಳಷ್ಟೇ ಸಾಕು ಎನ್ನುವವರಿಗೆ ಇದೇನೂ ತೊಂದರೆಯಲ್ಲ.

2022ರ ಆರ್‌ಎಕ್ಸ್ 6400 ಬರೀ 53 ವ್ಯಾಟ್‌ನದು, ನೋಡಲು ಹೇಳಿ ಮಾಡಿಸಿದಂತಿದೆ. ಒಂದು ಕೊಕ್ಕೆಯಿದೆ. ಹೊಸ ಕಾರ್ಡ್ ಹಳೆ ಸ್ಲಾಟಿನಲ್ಲಿ ಕೂರುವುದೇ ಇಲ್ಲ ಎಂಬುದು ಸುಳ್ಳು, ಕೂರುತ್ತದೆ. ಆದರೆ ಈ ಕಾರ್ಡ್ ಸ್ಲಾಟಿನ 16 ದಾರಿಗಳಲ್ಲಿ ನಾಲ್ಕನ್ನು ಮಾತ್ರ ಬಳಸುತ್ತದೆ. ಅದನ್ನು ಮಾಡಿದ್ದು ಪಿಸಿಐ ಎಕ್ಸ್‌ಪ್ರೆಸ್ 4.0ಕ್ಕೆ. 3.0 ಇರುವ ಬೋರ್ಡಿನಲ್ಲಿ ಆ ದಾರಿಯ ವೇಗ ಅರ್ಧವಾಗುತ್ತದೆ, ಎರಡನೇ ತಲೆಮಾರಿನ ಐ5 ಇರುವ 2.0 ಬೋರ್ಡಿನಲ್ಲಿ ಕಾಲುಭಾಗ. ಅಂಥ ಪಿಸಿಗೆ ಇದನ್ನು ನಾವು ಹೇಳುವುದಿಲ್ಲ.

‘ಮೈನಿಂಗ್ ಕಾರ್ಡ್ ಮುಟ್ಟಲೇಬಾರದೇ?’

ಇದು ಇನ್ನೊಂದು ಜನಪ್ರಿಯ ಫಾರ್ವರ್ಡ್. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ತನ್ನ ವಿಧಾನ ಬದಲಿಸಿದ ಮೇಲೆ ಗ್ರಾಫಿಕ್ಸ್ ಕಾರ್ಡ್‌ನಿಂದ ಅದನ್ನು ‘ಅಗೆಯುವುದು’ ನಿಂತುಹೋಯಿತು, ಕಾರ್ಡ್‌ಗಳು ರಾಶಿರಾಶಿಯಾಗಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು. ಅವೆಲ್ಲ ಸತ್ತ ಕಾರ್ಡ್‌ಗಳೇನಲ್ಲ. ಹೆಚ್ಚಾಗಿ ಸವೆಯುವುದು ಫ್ಯಾನ್, ಒಣಗುವುದು ಚಿಪ್ ಮೇಲಿನ ಪೇಸ್ಟ್, ಇವೆರಡನ್ನೂ ಬದಲಿಸಬಹುದು. ದೊಡ್ಡ ಕಾಟ ನಕಲಿಗಳದ್ದು. ಹಳೆಯ 550 ಟಿಐ ಕಾರ್ಡ್‌ನ ಬಯೋಸ್ ತಿದ್ದಿ 1050 ಟಿಐ ಎಂದು ಮಾರಿದ್ದುಂಟು. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇಂಥವನ್ನು ಪತ್ತೆಹಚ್ಚಿ ನಕಲಿ ಎಂದೇ ತೋರಿಸುತ್ತದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲೇ ಕೊಳ್ಳಿ, ಆನ್‌ಲೈನ್‌ನಲ್ಲಿ ಪರಿಚಯವಾದವರಿಂದಲೇ ಕೊಳ್ಳಿ, ಕಾರ್ಡನ್ನು ಪಿಸಿಗೆ ಹಾಕಿಸಿ, ಜಿಪಿಯು-ಝಡ್ ತೆರೆಸಿ, ಅರ್ಧ ಗಂಟೆ ಗೇಮ್ ಓಡಿಸಿ ನೋಡಿ. ದುಡ್ಡು ಆಮೇಲೆ.

ಇಷ್ಟೆಲ್ಲಕ್ಕೂ ಮುಂಚೆ, ನಿಮ್ಮ ಪಿಸಿಗೆ ಬೇಕಿರುವುದು ಕಾರ್ಡ್ ಹೌದೇ ಎಂದು ನೋಡಿಕೊಳ್ಳಿ. ಈಗಿರುವ ವ್ಯವಸ್ಥೆಯಲ್ಲೇ ಗೇಮ್ ಹಾಕಿ, ರೆಸಲ್ಯೂಶನ್ ತೀರಾ ಕಡಿಮೆ ಮಾಡಿ. ಆಗ ಗೇಮ್ ಚುರುಕಾದರೆ ಕಾರ್ಡ್‌ನಿಂದ ಲಾಭವಿದೆ. ಏನೂ ಬದಲಾಗದಿದ್ದರೆ ಪ್ರೊಸೆಸರ್ ಅಥವಾ ರ‍್ಯಾಮ್ ಏದುಸಿರು ಬಿಡುತ್ತಿದೆ, ಎಂಥ ಕಾರ್ಡ್ ತಂದರೂ ಅಷ್ಟೇ. ಪಿಸಿ ಆನ್ ಆಗುವುದಕ್ಕೇ ಐದು ನಿಮಿಷ ಬೇಕೆಂದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ.

ಕೊನೆಗೆ ಮಾನಿಟರ್ ನೋಡಿ. ನೀಲಿ ಬಣ್ಣದ ವಿಜಿಎ ಕೇಬಲ್ ಮಾತ್ರ ಇದ್ದರೆ, 1050 ಟಿಐ, 1650ಗಳಲ್ಲಿ ಆ ಕಿಂಡಿಯೇ ಇಲ್ಲ. ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ಬೇಕಾಗುತ್ತದೆ. ಮತ್ತು ಕೇಬಲನ್ನು ಸಿಕ್ಕಿಸಬೇಕಾದ್ದು ಹೊಸ ಕಾರ್ಡ್‌ಗೆ. ಎಷ್ಟೋ ಜನ ಮದರ್‌ಬೋರ್ಡ್‌ನ ಹಳೆ ಕಿಂಡಿಗೇ ಸಿಕ್ಕಿಸಿ “ಕಾರ್ಡ್ ಕೆಲಸ ಮಾಡುತ್ತಿಲ್ಲ” ಎಂದು ಅಂಗಡಿಗೆ ವಾಪಸ್ ಒಯ್ಯುತ್ತಾರೆ.