ಲೆಕ್ಕ ಮೂಟೆಯ ಬಳಿಗೆ ನಡೆದು ಬಂದ ಕತೆ

ಹುಣಸೆಹಣ್ಣು ಸೆಕೆಗೆ ಕಪ್ಪಾಗುತ್ತದೆ, ತಣ್ಣಗಿಟ್ಟರೆ ಬಣ್ಣ ಉಳಿಸಿಕೊಳ್ಳುತ್ತದೆ. ಅದಕ್ಕೇ ಹಿಂದೂಪುರದ ಮಂಡಿಯವರು ಸುಗ್ಗಿಯಲ್ಲಿ ಕೊಂಡ ಹುಣಸೆಯನ್ನು ಕೋಲ್ಡ್ ಸ್ಟೋರೇಜಿಗೆ ಹಾಕಿಸುತ್ತಾರೆ. ಒಳಗೆ ಹೋದದ್ದು ಚೀಟಿಗೆ ಬರುತ್ತದೆ, ಚೀಟಿ ಗುಮಾಸ್ತರ ಮೇಜಿಗೆ ಬರುತ್ತದೆ, ಸಂಜೆ ಅದು ಪುಸ್ತಕಕ್ಕೆ ಏರುತ್ತದೆ. ಅಷ್ಟರಲ್ಲಿ ದಾರಿ ಬೇಕೆಂದು ಹಮಾಲಿಗಳು ಹತ್ತು ಮೂಟೆಯನ್ನು ಆಚೆ ಸಾಲಿಗೆ ಸರಿಸಿರುತ್ತಾರೆ. ಪುಸ್ತಕಕ್ಕೆ ಅದು ಗೊತ್ತಾಗುವುದಿಲ್ಲ. ತಿಂಗಳುಗಳ ಮೇಲೆ ಲಾರಿ ಬಂದು ನಿಂತಾಗ ‘ಆ ಲಾಟು ಎಲ್ಲಿ?’ ಎಂಬ ಹುಡುಕಾಟ ಶುರುವಾಗುತ್ತದೆ.

ಕಲ್ಯಾಣದುರ್ಗದಲ್ಲಿ ಇದೇ ತಪ್ಪಿನ ಬೆಲೆ ಇನ್ನೂ ಹೆಚ್ಚು. ಅಲ್ಲಿಯದು ಕಡಲೆಕಾಯಿ ಸೀಮೆ. ಕದಿರಿ-6ರ ಬಿತ್ತನೆಕಾಯಿ, ಹಳೆಯ ಟಿಎಂವಿ-2ರ ಬಿತ್ತನೆಕಾಯಿ ಒಂದೇ ಬಗೆಯ ಚೀಲದಲ್ಲಿ ಅಕ್ಕಪಕ್ಕ ಪೇರಿಸಿದ್ದರೆ ಹೊರಗಿನಿಂದ ಗುರುತು ಸಿಗುವುದಿಲ್ಲ. ಹುಣಸೆ ಲಾಟು ಅದಲುಬದಲಾದರೆ ಒಂದು ದಿನ ಹಾಳು. ಬಿತ್ತನೆಯ ಲಾಟು ಅದಲುಬದಲಾದರೆ ರೈತನ ಮಳೆಗಾಲವೇ ಹೋಯಿತು.

ಸರಕು ಒಂದು ಕಡೆ, ಅದರ ಲೆಕ್ಕ ಇನ್ನೊಂದು ಕಡೆ. ಗೋದಾಮಿನ ಕಷ್ಟವೆಲ್ಲ ಹುಟ್ಟುವುದು ಈ ದೂರದಲ್ಲಿ. ಬೆಂಗಳೂರಿನ ಸುತ್ತಲ ದೊಡ್ಡ ಗೋದಾಮುಗಳಿಗೆ ಕೆಲಸಕ್ಕೆ ಹೋಗುವ ನಮ್ಮ ಸೀಮೆಯ ಹುಡುಗರು ‘ಗನ್’ ಎನ್ನುವ ಕೈಯಂತ್ರ ಈ ದೂರವನ್ನು ಅಳಿಸಿದೆ. ಅದು ಒಬ್ಬರು ಒಂದು ದಿನ ಕಂಡುಹಿಡಿದ ವಸ್ತುವಲ್ಲ. ಚೀಟಿಯ ಮೇಲಿನ ಬಾರ್‌ಕೋಡಿನ ಗೆರೆಯನ್ನು ಒಬ್ಬರು ಕಂಡುಕೊಂಡರು, ಸುದ್ದಿ ಒಯ್ಯುವ ರೇಡಿಯೊ ಅಲೆಯನ್ನು ಇನ್ನೊಬ್ಬರು ಪಳಗಿಸಿದರು. ಎರಡೂ ಒಂದು ಅಂಗೈಯಲ್ಲಿ ಸೇರಲು ಹೆಚ್ಚುಕಡಿಮೆ 40 ವರ್ಷ ಹಿಡಿಯಿತು.

ಗೆರೆಯ ಕತೆ ಮೊದಲು. 1948ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಡ್ರೆಕ್ಸೆಲ್ ಸಂಸ್ಥೆಗೆ ದಿನಸಿ ಅಂಗಡಿಗಳ ಮಾಲೀಕರೊಬ್ಬರು ಬಂದು, ಗಲ್ಲಾದಲ್ಲಿ ಸಾಮಾನಿನ ವಿವರ ತಾನಾಗಿಯೇ ದಾಖಲಾಗುವ ಉಪಾಯ ಹುಡುಕಿಕೊಡಿ ಎಂದು ಡೀನ್ ಅವರನ್ನು ಕೇಳಿದರು. ಡೀನ್ ಒಪ್ಪಲಿಲ್ಲ. ಆ ಮಾತು ಕಿವಿಗೆ ಬಿದ್ದಿದ್ದ ಬರ್ನಾರ್ಡ್ ಸಿಲ್ವರ್ ಎಂಬ ವಿದ್ಯಾರ್ಥಿ ಗೆಳೆಯ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್‌ಗೆ ಹೇಳಿದ. ಇಬ್ಬರೂ ಮೊದಲು ಅತಿನೇರಳೆ ಬೆಳಕಿಗೆ ಹೊಳೆಯುವ ಮಸಿ ಹಿಡಿದರು. ಮಸಿ ದುಬಾರಿಯಾಗಿತ್ತು, ಬೇಗ ಮಾಸುತ್ತಲೂ ಇತ್ತು. ಆದರೆ ಸಮಸ್ಯೆ ವುಡ್‌ಲ್ಯಾಂಡ್‌ನ ತಲೆಯಿಂದ ಇಳಿಯಲಿಲ್ಲ. ಓದು ಬಿಟ್ಟು ಮಯಾಮಿ ಬೀಚ್‌ನಲ್ಲಿದ್ದ ತಾತನ ಮನೆಗೆ ಹೋದ. ಕಡಲ ದಂಡೆಯಲ್ಲಿ ಕೂತು, ಸ್ಕೌಟಿನಲ್ಲಿ ಕಲಿತಿದ್ದ ಮೋರ್ಸ್ ಸಂಕೇತದ ಚುಕ್ಕೆ ಅಡ್ಡಗೆರೆಗಳನ್ನು ಯೋಚಿಸುತ್ತ ಬೆರಳು ಮರಳಿಗೆ ಊರಿದ. ಬೆರಳನ್ನು ತನ್ನ ಕಡೆಗೆ ಎಳೆದುಕೊಂಡಾಗ ಚುಕ್ಕೆ ತೆಳು ಗೆರೆಯಾಯಿತು, ಅಡ್ಡಗೆರೆ ದಪ್ಪ ಪಟ್ಟಿಯಾಯಿತು. ಸಂಕೇತ ಅಲ್ಲೇ ಮೂಡಿತ್ತು.

ಇಬ್ಬರೂ ಸೇರಿ 1949ರ ಅಕ್ಟೋಬರ್ 20ರಂದು ಹಕ್ಕಿಗೆ ಅರ್ಜಿ ಹಾಕಿದರು, 1952ರ ಅಕ್ಟೋಬರ್ 7ರಂದು ಪೇಟೆಂಟ್ ಸಿಕ್ಕಿತು. ಓದುವ ಯಂತ್ರವನ್ನೂ ಕಟ್ಟಿದರು. ಅದರೊಳಗೆ 500 ವಾಟ್‌ನ ಬಲ್ಬು, ಅದರ ಶಾಖಕ್ಕೆ ಕಾಗದವೇ ಹೊಗೆಯಾಡುತ್ತಿತ್ತು. ತೆಳ್ಳಗಿನ, ತಣ್ಣಗಿನ, ನೇರ ಬೆಳಕು ಇನ್ನೂ ಲೋಕಕ್ಕೆ ಬಂದಿರಲಿಲ್ಲ. ಲೇಸರ್ ಬೆಳಗಿದ್ದು 1960ರಲ್ಲಿ. ಹಕ್ಕನ್ನು 1962ರಲ್ಲಿ 15,000 ಡಾಲರ್‌ಗೆ ಮಾರಿದರು. ಮರುವರ್ಷ ಸಿಲ್ವರ್ ತೀರಿಕೊಂಡರು, ಆಗ ಅವರಿಗೆ 38 ವರ್ಷ. ಐಬಿಎಂನ ಜಾರ್ಜ್ ಲಾರರ್ ರೂಪಿಸಿದ ನೆಟ್ಟಗಿನ ಗೆರೆಗಳು ಒಹಾಯೋದ ಟ್ರಾಯ್ ಊರಿನ ಅಂಗಡಿಯಲ್ಲಿ 67 ಸೆಂಟಿನ ಚ್ಯೂಯಿಂಗ್ ಗಮ್ ಪೊಟ್ಟಣದ ಮೇಲೆ ಮೊದಲ ಸಲ ಓದಿಸಿಕೊಂಡಿದ್ದು 1974ರ ಜೂನ್ 26ರಂದು. ಅದನ್ನು ಕಾಣಲು ಸಿಲ್ವರ್ ಇರಲಿಲ್ಲ.

ಅಂಗಡಿಯಲ್ಲಿ ಸಾಮಾನೇ ಯಂತ್ರದ ಬಳಿಗೆ ಬರುತ್ತದೆ. ಗೋದಾಮಿನಲ್ಲಿ ಯಂತ್ರವೇ ಸಾಮಾನಿನ ಬಳಿಗೆ ಹೋಗಬೇಕು. ನ್ಯೂಯಾರ್ಕಿನ ಸಿಂಬಲ್ ಟೆಕ್ನಾಲಜೀಸ್ ಸಂಸ್ಥೆ 1980ರ ಸುಮಾರಿಗೆ ಕೈಯಲ್ಲಿ ಹಿಡಿಯುವ ಲೇಸರ್ ಸ್ಕ್ಯಾನರನ್ನು ಮಾರುಕಟ್ಟೆಗೆ ತಂದಿತು. ರ‍್ಯಾಕಿನ ವಿಳಾಸಕ್ಕೆ ಅಂಕಿಯ ಜೊತೆ ಅಕ್ಷರವೂ ಬೇಕಲ್ಲ, ಅದಕ್ಕೆ ಡೇವಿಡ್ ಅಲೈ ಮತ್ತು ರೇ ಸ್ಟೀವನ್ಸ್ 1974ರಲ್ಲೇ ರೂಪಿಸಿದ್ದ ಕೋಡ್ 39 ಎಂಬ ಗೆರೆಸಂಕೇತ ಒದಗಿ ಬಂತು. ಆದರೂ ಒಂದು ಕೊರತೆ ಉಳಿಯಿತು. ಆ ಕಾಲದ ಎಷ್ಟೋ ಕೈಯಂತ್ರಗಳು ಓದಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತಿದ್ದವು. ಪಾಳಿ ಮುಗಿದ ಮೇಲೆ ತಂದು ತೊಟ್ಟಿಲಲ್ಲಿ ಕೂರಿಸಿದರೆ ಕಂಪ್ಯೂಟರಿಗೆ ಸುದ್ದಿ ಮುಟ್ಟುತ್ತಿತ್ತು. ಬರವಣಿಗೆ ತಪ್ಪಿತು, ಸಂಜೆಯ ಲೆಕ್ಕ ತಪ್ಪಲಿಲ್ಲ.

ಆ ಸಂಜೆಯನ್ನು ಅಳಿಸಿದ್ದು ಅಲೆ. ಹವಾಯಿ ದ್ವೀಪಗಳ ನಡುವೆ ತಂತಿ ಎಳೆಯುವುದು ಕಷ್ಟವೆಂದು ಅಲ್ಲಿಯ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ರೇಡಿಯೊ ಮೂಲಕ ಕಂಪ್ಯೂಟರ್ ಜೋಡಿಸಿದರು. ಎಲ್ಲರೂ ಒಂದೇ ಅಲೆಯಲ್ಲಿ ಮಾತಾಡಿದರೆ ಮಾತಿಗೆ ಮಾತು ಡಿಕ್ಕಿಯಾಗುತ್ತದೆ. ಅವರು ಕಂಡ ದಾರಿ ಸರಳ: ಹೇಳಬೇಕಾದ್ದನ್ನು ಹೇಳು, ‘ಮುಟ್ಟಿತು’ ಎಂಬ ಉತ್ತರ ಬಾರದಿದ್ದರೆ ಮನಬಂದಷ್ಟು ಕ್ಷಣ ತಡೆದು ಮತ್ತೆ ಹೇಳು. ಒಂದೇ ಗೋದಾಮಿನಲ್ಲಿ ಐವತ್ತು ಗನ್ನುಗಳು ಜಗಳವಿಲ್ಲದೆ ಮಾತಾಡಲು ಈ ವಿಚಾರವೇ ಬೇರು. 1985ರಲ್ಲಿ ಅಮೆರಿಕದ ಸಂಪರ್ಕ ಆಯೋಗ 900 ಮೆಗಾಹರ್ಟ್ಸ್, 2.4 ಮತ್ತು 5.8 ಗಿಗಾಹರ್ಟ್ಸ್ ಸುತ್ತಲ ಅಲೆಗಳನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿತು. ಅದರ ಹಿಂದೆ ದುಡಿದವರು ಮೈಕೆಲ್ ಮಾರ್ಕಸ್ ಎಂಬ ಎಂಜಿನಿಯರ್. ಬೇಗನೆ ಬಂದ ಗಿರಾಕಿಗಳಲ್ಲಿ ಗೋದಾಮುಗಳೂ ಇದ್ದವು. 1997ರಲ್ಲಿ ವೈ-ಫೈಗೆ ತಳಹದಿಯಾದ 802.11 ಮಾನದಂಡ ಬಂತು. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಅಲೆ ಲೈಸೆನ್ಸಿನಿಂದ ಬಿಡುಗಡೆಯಾಗಿದ್ದು 2005ರ ಜನವರಿಯಲ್ಲಿ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಕ್ಕೊಂದು ಸಣ್ಣ ಗೋದಾಮು ಇಡುವ ಅಗತ್ಯ ಕರಗಿತು, ದೊಡ್ಡ ಗೋದಾಮುಗಳು ಎದ್ದವು. ಕಲ್ಯಾಣದುರ್ಗದಿಂದ ಪಾವಗಡದ ಮೇಲೆ ಹಿಂದೂಪುರಕ್ಕೆ ಬರುವಷ್ಟರಲ್ಲಿ ಎರಡು ಸಲ ರಾಜ್ಯದ ಗಡಿ ದಾಟುವ ನಮ್ಮಂಥವರಿಗೆ ಆ ಬದಲಾವಣೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಒಂದು ಮೂಟೆಯ ಮುಂದೆ ನಿಂತು ನೋಡೋಣ. ಪರದೆ ಮೊದಲು ಜಾಗ ಹೇಳುತ್ತದೆ: ಇಂಥ ಸಾಲು, ಇಂಥ ರ‍್ಯಾಕು, ಇಂಥ ಹಂತ. ಕೆಲಸಗಾರ ಅಲ್ಲಿಗೆ ಹೋಗಿ ರ‍್ಯಾಕಿನ ಚೀಟಿ ಓದಿಸುತ್ತಾನೆ. ಜಾಗ ಸರಿಯಿದ್ದರೆ ಮಾತ್ರ ಮುಂದಿನ ಪರದೆ ಬರುತ್ತದೆ. ಆಮೇಲೆ ಮೂಟೆಯ ಚೀಟಿ, ಆಮೇಲೆ ಎಣಿಕೆ. ಪ್ರತಿ ಸಲ ಗುಂಡಿ ಒತ್ತಿದಾಗಲೂ ಸಂಖ್ಯೆ ಅಲೆಯೇರಿ ಸಾಫ್ಟ್‌ವೇರಿಗೆ ಹೋಗಿ, ಆದೇಶದೊಡನೆ ತಾಳೆಯಾಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ. ಚೀಟಿ ಹರಿದಿದ್ದರೆ ಸಂಖ್ಯೆಯನ್ನು ಕೈಯಿಂದ ಒತ್ತಬೇಕು. ಅಲ್ಲಿಯೂ ಒಂದು ಕಾವಲಿದೆ. 8901234567890 ಎಂಬ ಸಂಖ್ಯೆಯನ್ನೇ ತೆಗೆದುಕೊಳ್ಳಿ. ಮೊದಲ 12 ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ 1ರಿಂದ, 3ರಿಂದ ಗುಣಿಸಿ ಕೂಡಿದರೆ 130. ಹತ್ತರ ಮಗ್ಗಿಗೆ ಸೇರಲು ಇನ್ನೇನೂ ಬೇಡ, ಆದ್ದರಿಂದ ಕೊನೆಯ ಅಂಕಿ 0. ಅವಸರದಲ್ಲಿ 89ರ ಬದಲು 98 ಎಂದು ಒತ್ತಿದರೆ ಮೊತ್ತ 128 ಆಗುತ್ತದೆ, ಕೊನೆಯ ಅಂಕಿ 2 ಇರಬೇಕಾಗುತ್ತದೆ. ಯಂತ್ರ ಒಪ್ಪುವುದಿಲ್ಲ.

ಅಲೆಗೂ ಮಿತಿ ಇದೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ನೀರಿನಂಶ ಅದನ್ನು ಹೀರುತ್ತದೆ, ತಗಡು ಅದನ್ನು ಹಿಂದಕ್ಕೆ ಎಸೆಯುತ್ತದೆ. ಖಾಲಿ ಗೋದಾಮಿನಲ್ಲಿ ಚೆನ್ನಾಗಿ ಸಿಕ್ಕ ಸಿಗ್ನಲ್, ಹಸಿ ಇರುವ ಹುಣಸೆ ಮೂಟೆ ಸೂರಿನ ತನಕ ಪೇರಿಸಿದ ಮೇಲೆ ಸಿಗಲಾರದು. ಅಲೆ ಹೊರಡಿಸುವ ಪೆಟ್ಟಿಗೆಗಳನ್ನು ಗೋದಾಮು ತುಂಬಿರುವಾಗ ಅಳೆದು ಕೂರಿಸಬೇಕು. ಈ ಒಂದು ಮಾತನ್ನು ಮರೆತು ಲಕ್ಷಾಂತರ ಸುರಿದರೂ ಕೆಲಸಗಾರ ಸಿಗ್ನಲ್ ಹುಡುಕುತ್ತ ಮೂಲೆಯಿಂದ ಮೂಲೆಗೆ ಓಡಾಡಬೇಕಾಗುತ್ತದೆ.

ಈ ಕತೆಯಲ್ಲಿ ನನಗೆ ಬಹಳ ದೊಡ್ಡದೆನಿಸುವುದು ಲೇಸರಲ್ಲ, ಅಲೆಯೂ ಅಲ್ಲ. ಮೂಟೆ ಎಲ್ಲಿದೆ ಎಂಬುದು ಯಾವತ್ತೂ ಹಮಾಲಿಗೇ ಚೆನ್ನಾಗಿ ಗೊತ್ತಿತ್ತು, ಹೊತ್ತವನು ಅವನು. ಆದರೆ ಬರೆಯುವ ಅಧಿಕಾರ ಮೇಜಿನ ಹಿಂದೆ ಕೂತವರದಾಗಿತ್ತು. ಈಗ ಮೂಟೆ ಇಳಿಸಿದವನ ಕೈಯೇ ಲೆಕ್ಕ ಬರೆಯುತ್ತದೆ. ತೆಲುಗಿನಲ್ಲಿ ‘ನಲಭೈ ಏಡು’ ಎಂದವನೂ ಕನ್ನಡದಲ್ಲಿ ‘ನಲವತ್ತೇಳು’ ಎಂದವನೂ ಒಂದೇ ಪುಸ್ತಕಕ್ಕೆ ಬರೆಯುತ್ತಾರೆ. ಆ ಹೊಣೆಗೆ ತಕ್ಕ ಕೂಲಿ, ತಕ್ಕ ತರಬೇತಿ ಅವರಿಗೆ ಸಲ್ಲಬೇಕು.

ಚೀಟಿಯಲ್ಲೇ ಲೆಕ್ಕ ನಡೆಸುವ ಗೋದಾಮುಗಳು ನಮ್ಮ ಸೀಮೆಯಲ್ಲಿ ಇನ್ನೂ ಬೇಕಾದಷ್ಟಿವೆ. ಈ ಯಂತ್ರ ಮೊದಲು ಬರಬೇಕಾದ್ದು ಬಿತ್ತನೆಬೀಜದ ಗೋದಾಮಿಗೆ ಎಂದು ನಾನು ನಂಬಿದ್ದೇನೆ. ಮುಂಗಾರಿನ ಗಡಿಬಿಡಿಯಲ್ಲಿ ಕದಿರಿ-6 ಕೇಳಿದವರ ಲಾರಿಯತ್ತ ಪಕ್ಕದ ಲಾಟಿನ ಚೀಲ ಹೊರಟಿರುತ್ತದೆ. ಹುಡುಗ ಗನ್ ಹಿಡಿಯುತ್ತಾನೆ, ಯಂತ್ರ ಬೇಡ ಎನ್ನುತ್ತದೆ. ಅವನು ಚೀಲವನ್ನು ಅದರ ಜಾಗಕ್ಕೆ ಮರಳಿಸಿ ಸರಿಯಾದದ್ದನ್ನು ಹೊರುತ್ತಾನೆ. ತನ್ನ ಮಳೆಗಾಲ ಆ ಗಳಿಗೆಯಲ್ಲಿ ಉಳಿಯಿತೆಂದು ಕಲ್ಯಾಣದುರ್ಗದ ರೈತನಿಗೆ ಎಂದೂ ಗೊತ್ತಾಗುವುದಿಲ್ಲ.