ದುಡಿಯುವ ಕೈಗೆ ಎರಡು ದಿನದ ಉಗುರು

ಹಿತಕಿದ ಬೇಳೆ ಸಾರು ಮಾಡುವ ಮನೆಯಲ್ಲಿ ಉದ್ದುಗುರು ಉಳಿಯುವುದಿಲ್ಲ. ನೆನೆಸಿದ ಅವರೆಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಹಿತುಕುತ್ತ ಕೂತರೆ ಒಂದು ಸೇರು ಮುಗಿಯುವ ಹೊತ್ತಿಗೆ ಉಗುರಿನ ಸಂದಿಯಲ್ಲೆಲ್ಲ ಸಿಪ್ಪೆ. ಇದರ ಮೇಲೆ ಪಾತ್ರೆ ಉಜ್ಜಬೇಕು, ಹಿಟ್ಟು ನಾದಬೇಕು, ಕಾಯಿ ತುರಿಯಬೇಕು, ಹೂ ಕಟ್ಟಬೇಕು, ಆಮೇಲೆ ಆಫೀಸಿಗೆ ಹೋಗಿ ದಿನವಿಡೀ ಕೀಬೋರ್ಡ್ ಕುಟ್ಟಬೇಕು. ಎಷ್ಟು ಆಸೆಪಟ್ಟು ಬೆಳೆಸಿದರೂ ಯಾವುದೋ ಒಂದು ಮುರಿದೇ ಮುರಿಯುತ್ತದೆ. ಒಂದು ಮುರಿದರೆ ಉಳಿದ ಒಂಬತ್ತನ್ನೂ ಕತ್ತರಿಸದೆ ವಿಧಿಯಿಲ್ಲ. ನೀಳವಾದ ಬಣ್ಣದ ಉಗುರು ಕೆಲಸವಿಲ್ಲದವರ ಸೊತ್ತು ಎಂದು ನಮ್ಮ ಹೆಂಗಸರು ತಮಗೆ ತಾವೇ ಸಮಾಧಾನ ಹೇಳಿಕೊಂಡು ಬಂದದ್ದು ಹೀಗೆ.

ಆ ಮಾತು ಸುಳ್ಳೂ ಅಲ್ಲ. ಚೀನಾದ ರಾಜಮಾತೆ ಸಿಶಿಯ 1903ರ ಸುಮಾರಿನ ಫೋಟೊಗಳಲ್ಲಿ ಬೆರಳ ತುದಿಯಿಂದ ಚಾಚಿಕೊಂಡ ಉದ್ದದ ಉಗುರು ಕವಚಗಳು ಎದ್ದು ಕಾಣುತ್ತವೆ. ತನ್ನ ಕೈಯಿಂದ ಒಂದು ಗುಂಡಿಯನ್ನೂ ಹಾಕಿಕೊಳ್ಳಬೇಕಿಲ್ಲ ಎಂದು ಸಾರುವ ಕೈ ಅದು. ಪ್ರೆಸ್-ಆನ್ ನೇಲ್ಸ್, ಅಂದರೆ ನಮ್ಮ ಉಗುರಿನ ಮೇಲೆ ಅಂಟಿಸಿಕೊಳ್ಳುವ ಸಿದ್ಧ ಕೃತಕ ಉಗುರು, ನನಗೆ ಇಷ್ಟವಾಗಿರುವುದು ಈ ಲೆಕ್ಕಾಚಾರವನ್ನೇ ಅದು ತಲೆಕೆಳಗು ಮಾಡಿರುವುದರಿಂದ. ಶನಿವಾರ ಸಂಜೆ ಅಂಟಿಸಿಕೊಂಡು, ಭಾನುವಾರದ ಆರತಕ್ಷತೆ ಮುಗಿಸಿ, ಸೋಮವಾರ ಬೆಳಿಗ್ಗೆ ಇಡ್ಲಿ ಹಿಟ್ಟಿಗೆ ಕೈ ಹಾಕುವ ಮೊದಲು ತೆಗೆದಿಡಬಹುದು. ಪಾರ್ಲರಿನಲ್ಲಿ ಗಂಟೆಗಟ್ಟಲೆ ಕೂರಬೇಕಿಲ್ಲ, ಸಾವಿರಗಟ್ಟಲೆ ಸುರಿಯಬೇಕಿಲ್ಲ.

ಕೃತಕ ಉಗುರಿನ ಕಥೆಯಲ್ಲಿ ದುಡಿಮೆಯ ಎಳೆ ಮೊದಲಿನಿಂದಲೂ ಇದೆ. ಫಿಲಡೆಲ್ಫಿಯಾದ ದಂತವೈದ್ಯ ಫ್ರೆಡ್ ಸ್ಲ್ಯಾಕ್ 1954ರಲ್ಲಿ ಕೆಲಸದ ನಡುವೆ ಉಗುರು ಮುರಿದುಕೊಂಡು, ಹಲ್ಲಿಗೆ ಬಳಸುವ ಅಕ್ರಿಲಿಕ್ಕಿನಿಂದಲೇ ಅದಕ್ಕೆ ತೇಪೆ ಹಾಕಿದರು. ಇಂದಿನ ನೇಲ್ ಗ್ಲೂವಿನ ಮೂಲವಸ್ತು ಸಯನೋಅಕ್ರಿಲೇಟ್ ಕೊಡಕ್ ಕಂಪನಿಯ ಹ್ಯಾರಿ ಕೂವರ್ ಕೈಗೆ ಸಿಕ್ಕಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ. ಬಂದೂಕಿನ ಗುರಿಕಿಂಡಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದವರಿಗೆ, ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುವ ಈ ವಸ್ತು ಬೇಡವಾಗಿತ್ತು. ಅಂಟಾಗಿ ಅದು ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಇನ್ನು ಉದ್ದುಗುರು ಇಟ್ಟುಕೊಂಡು ಮೈಬಗ್ಗಿಸಿ ದುಡಿಯಲಾಗದು ಎನ್ನುವವರು 1988ರ ಸೋಲ್ ಒಲಿಂಪಿಕ್ಸ್ ನೆನಪು ಮಾಡಿಕೊಳ್ಳಬೇಕು. ಬಣ್ಣಬಣ್ಣದ ಉದ್ದುಗುರಿನ ಬೆರಳುಗಳನ್ನು ಟ್ರ್ಯಾಕಿಗೆ ಊರಿ ಹೊರಟ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ಮೂರು ಚಿನ್ನ, ಒಂದು ಬೆಳ್ಳಿ ಗೆದ್ದರು. ಕ್ರೀಡಾಕೂಟಗಳ ನಡುವೆ ಜೀವನಕ್ಕಾಗಿ ಅವರು ಇತರರ ಉಗುರುಗಳನ್ನೂ ಸಿಂಗರಿಸಿದವರು.

ಈಗ ಪ್ರೆಸ್-ಆನ್ ಉಗುರಿನ ಡಬ್ಬಿ ತೆರೆಯೋಣ. ಸಾಮಾನ್ಯವಾಗಿ ಇಪ್ಪತ್ತನಾಲ್ಕು ಉಗುರು, ಪುಟ್ಟ ಫೈಲ್, ಕ್ಯೂಟಿಕಲ್ (ಉಗುರಿನ ಬುಡದ ತೆಳು ಚರ್ಮ) ಹಿಂದೆ ತಳ್ಳುವ ಕಡ್ಡಿ, ಅಂಟು ಅಥವಾ ಎರಡೂ ಬದಿ ಅಂಟುವ ಜೆಲ್ಲಿ ಸ್ಟಿಕ್ಕರ್ ಇರುತ್ತವೆ. ಅಗ್ಗದ ಸೆಟ್‌ಗಳು ಎಬಿಎಸ್ ಪ್ಲಾಸ್ಟಿಕ್ಕಿನವು. ಮಕ್ಕಳ ಲೆಗೊ ಇಟ್ಟಿಗೆಯೂ ಇದರದೇ. ಪ್ರತಿ ಉಗುರಿನ ಮೇಲೆ ಕಣ್ಣಿಗೆ ಕಂಡೂ ಕಾಣದಂತೆ ಒಂದು ನಂಬರ್ ಇರುತ್ತದೆ. ಸೊನ್ನೆ ಎಲ್ಲಕ್ಕಿಂತ ಅಗಲ, ನಂಬರ್ ಏರಿದಂತೆ ಉಗುರು ಕಿರಿದು. ಅಂಟು ಮುಟ್ಟುವ ಮೊದಲು ಹತ್ತೂ ಬೆರಳಿಗೆ ಅಳತೆ ನೋಡಿ ಸಾಲಾಗಿ ಜೋಡಿಸಿಟ್ಟುಕೊಳ್ಳಿ. ಎಡಗೈ ಮತ್ತು ಬಲಗೈ ಹೆಬ್ಬೆರಳ ಅಳತೆ ಒಂದೇ ಇರಬೇಕೆಂದೇನೂ ಇಲ್ಲ. ಕೂರಿಸಿದ ಉಗುರು ನಿಮ್ಮ ಉಗುರಿನ ಎರಡು ಅಂಚಿಗೂ ಸರಿಯಾಗಿ ಮುಟ್ಟಬೇಕು. ಕಿರಿದಾದರೆ ಬದಿಯಿಂದ ಎದ್ದುಬರುತ್ತದೆ, ಅಗಲವಾದರೆ ಚರ್ಮದ ಮೇಲೆ ಕೂತು ಒತ್ತುತ್ತದೆ. ಎರಡು ಸೈಜಿನ ನಡುವೆ ಸಿಕ್ಕಿಕೊಂಡರೆ ದೊಡ್ಡದನ್ನೇ ಆರಿಸಿ, ಬದಿಗಳನ್ನು ಫೈಲಿನಿಂದ ತುಸು ಉಜ್ಜಿ ಇಳಿಸಿಕೊಳ್ಳಿ. ಉಗುರು ನಿಮ್ಮದೋ ಅಂಟಿಸಿದ್ದೋ ಎಂಬ ಅನುಮಾನ ಎದುರಿನವರಿಗೆ ಬರಬೇಕಾದರೆ ಈ ಉಜ್ಜುವ ಕೆಲಸಕ್ಕೆ ಸೋಮಾರಿತನ ಮಾಡುವಂತಿಲ್ಲ.

ಮ್ಯಾನಿಕ್ಯೂರ್ ಎಂದರೆ ಬೆಚ್ಚಗಿನ ನೀರಿನಲ್ಲಿ ಕೈ ಅದ್ದಿ ಕೂರುವುದು ಎಂಬ ರೂಢಿ ಇದೆಯಲ್ಲ, ಇಲ್ಲಿ ಅದನ್ನು ಬಿಡಬೇಕು. ಉಗುರು ನೀರು ಹೀರಿ ಹಿಗ್ಗುತ್ತದೆ; ಆಗ ಅಂಟಿಸಿದರೆ, ಒಣಗಿ ಕುಗ್ಗುವಾಗ ಹಿಡಿತ ಸಡಿಲವಾಗುತ್ತದೆ. ಸೋಪು ಹಾಕಿ ಕೈ ತೊಳೆದು, ಚೆನ್ನಾಗಿ ಒರೆಸಿ, ಸ್ವಲ್ಪ ಹೊತ್ತು ಆರಲು ಬಿಡಿ. ಕ್ಯೂಟಿಕಲ್ ಹಿಂದೆ ಸರಿಸಿ, ಉಗುರಿನ ಹೊಳಪು ಹೋಗುವಷ್ಟೇ ಬಫರ್ ಆಡಿಸಿ, ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಆಮೇಲೆ ಎಣ್ಣೆ, ಲೋಷನ್ ಯಾವುದನ್ನೂ ಮುಟ್ಟುವಂತಿಲ್ಲ. ಅಂಟನ್ನೋ ಸ್ಟಿಕ್ಕರನ್ನೋ ಹಚ್ಚಿ, ಉಗುರಿನ ಬುಡದಲ್ಲಿ ಒಂದು ಗೆರೆಯಷ್ಟು ಜಾಗ ಬಿಟ್ಟು, ಕೃತಕ ಉಗುರನ್ನು ಓರೆಯಾಗಿ ಹಿಡಿದು, ಬುಡದಿಂದ ತುದಿಗೆ ನಿಧಾನವಾಗಿ ಒತ್ತುತ್ತ ಬನ್ನಿ. ಹೀಗೆ ಮಾಡಿದರೆ ಒಳಗೆ ಗಾಳಿಗುಳ್ಳೆ ಸಿಕ್ಕಿಕೊಳ್ಳುವುದಿಲ್ಲ. ಅರ್ಧ ನಿಮಿಷ ಅದುಮಿ ಹಿಡಿಯಿರಿ. ಹೆಬ್ಬೆರಳುಗಳು ಕೊನೆಗಿರಲಿ, ಉಳಿದ ಎಂಟಕ್ಕೂ ಕೆಲಸ ಮಾಡುವವು ಅವೇ.

ಅಂಟೋ ಸ್ಟಿಕ್ಕರೋ ಎಂಬ ಪ್ರಶ್ನೆಗೆ ನನ್ನ ಉತ್ತರ: ಮನೆಗೆಲಸ ಮಾಡುವವರಿಗೆ ಸ್ಟಿಕ್ಕರ್, ಮದುಮಗಳಿಗೆ ಅಂಟು. ಸ್ಟಿಕ್ಕರ್ ಒಂದೆರಡು ದಿನ ಬಾಳುತ್ತದೆ, ಬಿಸಿನೀರಿಗೆ ಬೇಗ ಸೋಲುತ್ತದೆ. ಅಂಟು ಒಂದು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ನಿಲ್ಲುತ್ತದೆ. ಚಪ್ಪರದಿಂದ ಬೀಗರೂಟದವರೆಗೆ ಎಳೆಯುವ ಮದುವೆಗೆ ಅಷ್ಟು ಬೇಕು. ಬಣ್ಣ ಆರಿಸುವಾಗ ಬಾಳೆಎಲೆ ಊಟ ಮರೆಯಬೇಡಿ. ತಿಳಿಗುಲಾಬಿ, ಹಾಲುಬಿಳುಪಿನ ಉಗುರು ಹಾಕಿಕೊಂಡು ಸಾರನ್ನ ಕಲಸಿದರೆ ಅರಿಸಿನದ ಕಲೆ ಹಿಡಿದು ಕೂರುತ್ತದೆ, ಅಡಿಯಲ್ಲಿ ಅಗುಳು ಸೇರುತ್ತದೆ. ಕೈಯಲ್ಲಿ ಉಣ್ಣುವ ನಮಗೆ ಗಿಡ್ಡ ಉಗುರು, ಗಾಢ ಬಣ್ಣವೇ ಸರಿ. ಮಾವಿನಚಿಗುರಿನ ಕೆಂಪು, ನೇರಳೆಹಣ್ಣಿನ ಬಣ್ಣ ನಮ್ಮ ಮೈಬಣ್ಣಕ್ಕೂ ರೇಷ್ಮೆ ಸೀರೆಗೂ ಎಷ್ಟು ಒಪ್ಪುತ್ತವೆ ಎಂಬುದನ್ನು ಹಾಕಿಕೊಂಡೇ ನೋಡಬೇಕು.

ಅಂಟು ಬಳಸುವವರು ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಸಯನೋಅಕ್ರಿಲೇಟ್ ಹತ್ತಿಗೆ ತಾಗಿದರೆ ವೇಗವಾಗಿ ಗಟ್ಟಿಯಾಗುತ್ತ ಶಾಖ ಬಿಡುತ್ತದೆ. ಕಾಟನ್ ನೈಟಿಯ ಮೇಲೋ ಲಂಗದ ಮೇಲೋ ಚೆಲ್ಲಿದರೆ ಚರ್ಮ ಸುಡುವಷ್ಟು ಬಿಸಿಯಾಗಬಹುದು. ಚೆಲ್ಲಿದ್ದನ್ನು ಹತ್ತಿಯಿಂದ ಒರೆಸಲು ಹೋಗಬೇಡಿ. ಬಾಟಲಿಯನ್ನು ಕಣ್ಣಿನ ಔಷಧಿಯ ಪಕ್ಕ ಇಡಲೇಬೇಡಿ. ಎರಡೂ ನೋಡಲು ಒಂದೇ ಥರ ಇರುವುದರಿಂದ ಕಣ್ಣಿಗೆ ಅಂಟು ಬಿಟ್ಟುಕೊಂಡ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಮಕ್ಕಳಿರುವ ಮನೆಯಲ್ಲಿ ಅದರ ಜಾಗ ಬೀಗದ ಒಳಗೆ.

ಹಾಕುವುದಕ್ಕಿಂತ ತೆಗೆಯುವುದರಲ್ಲಿ ತಾಳ್ಮೆ ಬೇಕು. ಉಗುರು ಈರುಳ್ಳಿಯ ಹಾಗೆ ಪದರ ಪದರವಾಗಿದೆ. ಅಂಟಿಸಿದ್ದನ್ನು ಹಲ್ಲಿನಿಂದಲೋ ಇನ್ನೊಂದು ಉಗುರಿನಿಂದಲೋ ಕಿತ್ತರೆ ಮೇಲಿನ ಪದರವೂ ಜೊತೆಗೆ ಬರುತ್ತದೆ. ಕೈಬೆರಳ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್. ಕಿತ್ತ ಜಾಗ ಪೂರ್ತಿ ಹೊಸದಾಗಲು 4ರಿಂದ 6 ತಿಂಗಳು ಕಾಯಬೇಕು. ಪಾರ್ಲರಿಗೆ ಹೋಗದೆ ಉಳಿಸಿದ ದುಡ್ಡಿಗಿಂತ ಇದು ದುಬಾರಿ. ಆದ್ದರಿಂದ ಬಿಸಿನೀರಿಗೆ ಸೋಪು, ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಕಾಲು ಗಂಟೆ ಬೆರಳು ಅದ್ದಿ. ಕಡ್ಡಿಯನ್ನು ಬದಿಯಿಂದ ಮೆಲ್ಲಗೆ ಆಡಿಸಿ. ಬರಲಿಲ್ಲವೆಂದರೆ ಮತ್ತೆ ಅದ್ದಿ, ಎಳೆಯಬೇಡಿ. ಗಟ್ಟಿ ಅಂಟಿಗೆ ಅಸಿಟೋನ್ ಬೇಕಾಗುತ್ತದೆ. ಅದು ಬೆಂಕಿಗೆ ಬೇಗ ಹತ್ತಿಕೊಳ್ಳುವ ವಸ್ತು, ಒಲೆಯ ಬಳಿ, ದೇವರ ದೀಪದ ಬಳಿ ಬೇಡ. ಪ್ಲಾಸ್ಟಿಕ್ ಉಗುರನ್ನೂ ಅದು ಕರಗಿಸುವುದರಿಂದ ಮತ್ತೆ ಬಳಸುವ ಆಸೆ ಬಿಡಬೇಕು. ಸ್ಟಿಕ್ಕರಿನಲ್ಲಿ ಹಾಕಿದ್ದಾದರೆ ಒಳಮೈ ಕೆರೆದು, ಸ್ಪಿರಿಟ್ಟಿನಿಂದ ಒರೆಸಿ, ನಂಬರಿನ ಕ್ರಮದಲ್ಲಿ ಡಬ್ಬಿಗೆ ಜೋಡಿಸಿಟ್ಟರೆ ಮುಂದಿನ ಮದುವೆಗೂ ಆಯಿತು.

ಅರ್ಧ ಎದ್ದ ಉಗುರಿನ ಮೇಲೆ ಇನ್ನೊಂದು ಹನಿ ಅಂಟು ಸುರಿದು ಒತ್ತುವ ಅಭ್ಯಾಸ ಹಲವರಿಗಿದೆ. ಸಂದಿಯಲ್ಲಿ ನಿಂತ ತೇವದಲ್ಲಿ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ಉಗುರು ಹಸಿರಾಗಬಹುದು. ಎದ್ದರೆ ಪೂರ್ತಿ ತೆಗೆಯಿರಿ. ಉಗುರುಸುತ್ತು ಆಗಿರುವವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ಅಂಟು ತಾಗಿದ ಕಡೆ ತುರಿಕೆ ಬರುವವರು ಇದರ ತಂಟೆಗೆ ಹೋಗದಿರುವುದೇ ಲೇಸು.

ಆಸ್ಪತ್ರೆಯಲ್ಲಿ ದುಡಿಯುವವರಿಗೆ ಬೇರೆಯೇ ನಿಯಮ. ರೋಗಿಗಳನ್ನು ನೇರವಾಗಿ ಮುಟ್ಟಿ ಆರೈಕೆ ಮಾಡುವವರು ಕೃತಕ ಉಗುರು ಧರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಕೈತೊಳೆಯುವ ಮಾರ್ಗಸೂಚಿ ಹೇಳುತ್ತದೆ. ಪಾರ್ಲರಿನ ಎಕ್ಸ್‌ಟೆನ್ಶನ್ ಹಾಕಿಸಿಕೊಳ್ಳಲಾಗದ ನರ್ಸ್ ಒಬ್ಬರು ತಂಗಿಯ ಧಾರೆಯ ದಿನ ಸ್ಟಿಕ್ಕರಿನ ಉಗುರು ಹಾಕಿಕೊಂಡು, ಮರುದಿನದ ಡ್ಯೂಟಿಗೆ ಮೊದಲು ತೆಗೆಯಬಹುದು. ಮೊದಲೇ ತೆಗೆದಿಡಬೇಕೆಂಬ ಮಾತು ಆಸ್ಪತ್ರೆಗೆ ದಾಖಲಾಗುವವರಿಗೂ ಅನ್ವಯಿಸುತ್ತದೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಉಗುರಿನ ಮೂಲಕ ಬೆಳಕು ಹಾಯಿಸಿ ರಕ್ತದ ಆಮ್ಲಜನಕ ಅಳೆಯುತ್ತದೆ. ನಡುವೆ ಬಣ್ಣದ ಪ್ಲಾಸ್ಟಿಕ್ ಇದ್ದರೆ ಅಳತೆ ತಪ್ಪಬಹುದು. ಸೀಮಂತಕ್ಕೆ ಹಾಕಿಕೊಂಡ ಉಗುರನ್ನು ಹೆರಿಗೆಯ ಬ್ಯಾಗು ತುಂಬುವ ಮೊದಲೇ ಬಿಚ್ಚಿಡಿ.